22 ಸೆಕೆಂಡಿನ ವಿಡಿಯೋ, ಒಂದು ಫೋನ್, ನಮ್ಮ ಶೋ ರದ್ದು. ನೀವೇನು ಹೇಳುತ್ತೀರಿ?

ಶನಿವಾರದ ಮೈಕ್

ಸ್ವಲ್ಪ ಉದ್ದ ಇದೆ. ಕಾಫಿ ಇಟ್ಟುಕೊಂಡು ಓದಿ.

ವಾರವೆಲ್ಲ ಬ್ಯಾಂಕಿನಲ್ಲಿ ಸಾಲದ ಫೈಲ್ ನೋಡುವ ಕೆಲಸ ನನ್ನದು. ಶನಿವಾರ ಸಂಜೆ ಮಾತ್ರ ಕನ್ನಡದಲ್ಲಿ ಸ್ಟ್ಯಾಂಡ್‌ಅಪ್. ನಾಲ್ಕು ವರ್ಷವಾಯಿತು. ದೊಡ್ಡ ಹೆಸರೇನೂ ಇಲ್ಲ. ಒಂದು ಸಲ 11 ಜನರ ಮುಂದೆ ಮಾಡಿದ್ದೇನೆ, ಅದರಲ್ಲಿ ಮೂವರು ತಮ್ಮ ಸರದಿಗೆ ಕಾಯುತ್ತಿದ್ದ ಕಾಮಿಡಿಯನ್ನರು.

ನನ್ನ ಹತ್ತಿರ ಇರುವುದರಲ್ಲಿ ಚೆನ್ನಾಗಿ ಓಡುವುದು ಅಜ್ಜಿಯ ಜೋಕು. ಅಜ್ಜಿಗೆ 84. ಮಡಿ ಜಾಸ್ತಿ. ಮನೆಗೆ ಅಲೆಕ್ಸಾ ತಂದಾಗ ಮೂರು ದಿನ ಅದರ ಕಡೆ ತಿರುಗಿಯೂ ನೋಡಲಿಲ್ಲ. ನಾಲ್ಕನೇ ದಿನ ವಿಷ್ಣು ಸಹಸ್ರನಾಮ ಹಾಕಿ ತೋರಿಸಿದೆ. ಕಣ್ಣು ಮುಚ್ಚಿಕೊಂಡು ಪೂರ್ತಿ ಕೇಳಿದರು. ಆಮೇಲೆ ನನ್ನನ್ನು ಕರೆದು, "ಇದು ಏನು ತಿನ್ನುತ್ತೋ?" ಎಂದರು. "ಕರೆಂಟು ತಿನ್ನುತ್ತೆ ಅಜ್ಜಿ" ಎಂದೆ. "ಹಾಗಾದ್ರೆ ಏಕಾದಶಿ ದಿನ ಪ್ಲಗ್ ಕಿತ್ತಿಡು."

ಇಷ್ಟು ನಿಜವಾಗಿ ನಡೆದದ್ದು. ಮುಂದಿನದು ನಾನು ಸೇರಿಸಿದ್ದು: "ಈಗ ನಮ್ಮ ಮನೆಗೆ ಪುರೋಹಿತರೇ ಬೇಡ. ಅಲೆಕ್ಸಾ ಮಂತ್ರ ನುಂಗಲ್ಲ, ಲೇಟಾಗಿ ಬರಲ್ಲ, ದಕ್ಷಿಣೆಗೆ ಕೈ ಒಡ್ಡಲ್ಲ."

ಹೋದ ತಿಂಗಳು ನಗರದ ದಕ್ಷಿಣ ಭಾಗದ ಒಂದು ಕೆಫೆಯ ಮಹಡಿಯಲ್ಲಿ ಇದನ್ನು ಹೇಳಿದೆ. 60 ಕುರ್ಚಿ, 199 ರೂಪಾಯಿ ಟಿಕೆಟ್. ಜನ ನಕ್ಕರು. ಯಾರೋ ಆ ಪುರೋಹಿತರ ಸಾಲನ್ನು ಮಾತ್ರ ರೆಕಾರ್ಡ್ ಮಾಡಿಕೊಂಡಿದ್ದಾರೆ. 22 ಸೆಕೆಂಡು. ಅಜ್ಜಿ ಇಲ್ಲ, ಏಕಾದಶಿ ಇಲ್ಲ. ಅದು ಒಂದು ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿಗೆ ಹೋಯಿತು, ಅಲ್ಲಿಂದ ಇನ್ನೊಂದಕ್ಕೆ, ಕೊನೆಗೆ ನಮ್ಮ ಸೋದರತ್ತೆಗೇ ಬಂತು. ಮೇಲೆ "ಇವನನ್ನು ಸುಮ್ನೆ ಬಿಡಬಾರದು" ಎಂಬ ಸಾಲು. ಅತ್ತೆ ಅದನ್ನು ನನಗೆ ಕಳಿಸಿ, "ಇದು ನೀನೇ ಅಲ್ವಾ? ಸಣ್ಣಗಾಗಿದ್ದೀಯ" ಎಂದು ಬರೆದಿದ್ದರು.

ಮುಂದಿನ ಶೋಗೆ ಎರಡು ದಿನ ಇದ್ದಾಗ ಕೆಫೆ ಮಾಲೀಕರ ಫೋನ್. "ಬ್ರದರ್, ಈ ಸಲ ಬೇಡ." ಯಾಕೆ ಎಂದೆ. "ಒಂದು ಕಾಲ್ ಬಂದಿತ್ತು." ಯಾರದು? "ಹೆಸರು ಹೇಳಲಿಲ್ಲ. ನಿಮ್ಮ ಹೋಟೆಲಿನ ಗಾಜು ಚೆನ್ನಾಗಿದೆ ಅಂದ್ರು. ಅಷ್ಟೇ."

ನೋಟಿಸ್ ಇಲ್ಲ. ದೂರು ಇಲ್ಲ. ಪೊಲೀಸರೂ ಬಂದಿಲ್ಲ. ಯಾರ ಮೇಲೆ ಸಿಟ್ಟಾಗಬೇಕು ಅಂತಲೇ ಗೊತ್ತಾಗುತ್ತಿಲ್ಲ. ನಾನು ಮಾಡಿದ್ದು ತಪ್ಪಾ? ಕಾನೂನು ಏನು ಹೇಳುತ್ತದೆ? ತಿಳಿದವರು ಹೇಳಿ. ಬೈಯುವವರೂ ಬೈಯಿರಿ, ಪೂರ್ತಿ ಓದಿ ಬೈಯಿರಿ.

ಬಿಎಂಟಿಸಿ 210

"ಗಾಜು ಚೆನ್ನಾಗಿದೆ." ಆ ಫೋನ್ ಮಾಡಿದವನನ್ನು ಸ್ಟೇಜಿಗೆ ಹತ್ತಿಸಿ ಗುರು. ಟೈಮಿಂಗ್ ನಿನಗಿಂತ ಚೆನ್ನಾಗಿದೆ.

ಹಾಲ್ ಬಾಡಿಗೆ

ನಾನೂ ಇಂಥದ್ದೇ ಒಂದು ಜಾಗ ನಡೆಸುತ್ತೇನೆ. ಕೆಳಗೆ ಕಾಫಿ, ಮೇಲೆ ಕಾರ್ಯಕ್ರಮ. ನಿಮ್ಮ ಮಾಲೀಕರ ಮೇಲೆ ಸಿಟ್ಟು ಮಾಡಿಕೊಳ್ಳಬೇಡಿ ಅಂತ ಹೇಳುವುದಕ್ಕೇ ಬರೆಯುತ್ತಿದ್ದೇನೆ.

ಲೆಕ್ಕ ನೋಡಿ. 60 ಸೀಟು ಪೂರ್ತಿ ತುಂಬಿದರೆ 11,940 ರೂಪಾಯಿ. ತುಂಬುವುದಿಲ್ಲ, ಆದರೂ ತುಂಬಿತು ಅಂದುಕೊಳ್ಳಿ. ಅರ್ಧ ಕಲಾವಿದರಿಗೆ. ಉಳಿದದ್ದರಲ್ಲಿ ಟಿಕೆಟ್ ಆ್ಯಪಿನ ಕಮಿಷನ್, ಮೈಕ್‌ನವನು, ಎಸಿ, ಕುರ್ಚಿ ಜೋಡಿಸುವ ಹುಡುಗನ ಸಂಬಳ. ನನ್ನ ಕೈಗೆ ಎರಡು, ಎರಡೂವರೆ ಸಾವಿರ. ಮುಂಭಾಗದ ಗಾಜು ಹೋದ ವರ್ಷ ಟೆಂಪೋ ಹಿಂದಕ್ಕೆ ತೆಗೆಯುವಾಗ ಒಡೆಯಿತು. ಹಾಕಿಸಿದ್ದಕ್ಕೆ 38,000. ಅಂದರೆ ಒಂದು ಕಲ್ಲಿಗೆ 16 ಶನಿವಾರ.

ಗಾಜಾದರೂ ಹಾಕಿಸಬಹುದು. ಕಾಗದ ಬೇರೆ ಇದೆಯಲ್ಲ. ಟ್ರೇಡ್ ಲೈಸೆನ್ಸು, ಅಗ್ನಿಶಾಮಕದ್ದು, ಆಹಾರದ್ದು, ಧ್ವನಿವರ್ಧಕದ್ದು. ಎಲ್ಲ ಕಾಗದವೂ ಸರಿಯಾಗಿರುವ ಕಟ್ಟಡ ಬೆಂಗಳೂರಿನಲ್ಲಿ ಎಷ್ಟಿವೆ ಹೇಳಿ. ನನ್ನ ಮೆಟ್ಟಿಲು ನಕ್ಷೆಯಲ್ಲಿ ಇರುವುದಕ್ಕಿಂತ ಅರ್ಧ ಅಡಿ ಕಮ್ಮಿ. ಕಟ್ಟಿದವರು ಯಾರೋ, ನಾನು ಬಾಡಿಗೆಗೆ ಇರುವವನು. ಜೋಕು ಹಿಡಿಸದವರು ಜೋಕಿನ ಮೇಲೆ ಕೇಸು ಹಾಕಬೇಕಾಗಿಲ್ಲ. ಮೆಟ್ಟಿಲು ಅಳೆದರೆ ಸಾಕು.

ಸುಮ್ನೆ ಹೆದರುತ್ತಿದ್ದೇನೆ ಅನ್ನಬೇಡಿ. ಮುಂಬೈನ ಖಾರ್‌ನಲ್ಲಿ ಹ್ಯಾಬಿಟಾಟ್ ಅಂತ ಒಂದು ಜಾಗ ಇತ್ತಲ್ಲ. 2025ರ ಮಾರ್ಚ್‌ನಲ್ಲಿ ಹಾಸ್ಯಗಾರ ಕುನಾಲ್ ಕಾಮ್ರಾ ರಾಜಕಾರಣಿ ಏಕನಾಥ್ ಶಿಂದೆ ಬಗ್ಗೆ ಮಾಡಿದ ತಮಾಷೆಗೆ ಗುಂಪು ನುಗ್ಗಿ ಅಲ್ಲಿನ ಕುರ್ಚಿ ಮುರಿಯಿತು. ಮರುದಿನವೇ ಪಾಲಿಕೆಯವರು ಸುತ್ತಿಗೆ ಹಿಡಿದು ಬಂದರು. ಮಾತಾಡಿದವರು ಊರಲ್ಲೂ ಇರಲಿಲ್ಲ. ಪೆಟ್ಟು ತಿಂದದ್ದು ಜಾಗ.

ಕಲಾವಿದರಿಗೆ ಒಂದು ಬಾಯಿ. ನಮಗೆ ಬಾಗಿಲು, ಕಿಟಕಿ, ಮೆಟ್ಟಿಲು, ಶೌಚಾಲಯ ಎಲ್ಲಾ ಇದೆ.

ಕರಿಕೋಟು

ವಕೀಲ ನಾನು, ಕ್ರಿಮಿನಲ್ ಕಡೆ. ಕಾನೂನು ಕೇಳಿದಿರಲ್ಲ, ಸರಳವಾಗಿ ಹೇಳುತ್ತೇನೆ.

ಧಾರ್ಮಿಕ ಭಾವನೆಗೆ ಧಕ್ಕೆ ಅಂತ ಎಲ್ಲರೂ ಹೇಳುವ ಸೆಕ್ಷನ್ ಮೊದಲು ಭಾರತೀಯ ದಂಡ ಸಂಹಿತೆಯ 295ಎ ಆಗಿತ್ತು. ಬ್ರಿಟಿಷರು 1927ರಲ್ಲಿ ಸೇರಿಸಿದ್ದು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 299. ಮೂರು ವರ್ಷದವರೆಗೆ ಶಿಕ್ಷೆ. ಆದರೆ ಯಾರಿಗೋ ನೋವಾಯಿತು ಅಂದ ಮಾತ್ರಕ್ಕೆ ಅದು ಅಪರಾಧ ಆಗುವುದಿಲ್ಲ. ಬೇಕೆಂದೇ, ಕೆಟ್ಟ ಉದ್ದೇಶದಿಂದ ಅವಮಾನ ಮಾಡಿರಬೇಕು. 1957ರಲ್ಲಿ ರಾಮ್‌ಜಿ ಲಾಲ್ ಮೋದಿ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಆ ಸೆಕ್ಷನ್ ಉಳಿಸಿಕೊಂಡಿದ್ದೇ ಈ ಆಧಾರದ ಮೇಲೆ. ಸಂವಿಧಾನದ 19(2) ತೆಗೆದು ನೋಡಿ. ಮಾತಿಗೆ ಕಡಿವಾಣ ಹಾಕಲು ಅಲ್ಲಿ ಎಂಟು ಕಾರಣ ಇವೆ. ದೇಶದ ಭದ್ರತೆ, ಸಾರ್ವಜನಿಕ ಶಾಂತಿ, ಮಾನನಷ್ಟ, ನ್ಯಾಯಾಂಗ ನಿಂದನೆ, ಹೀಗೆ. "ಮನಸ್ಸಿಗೆ ನೋವು" ಆ ಪಟ್ಟಿಯಲ್ಲಿಲ್ಲ.

ಅಲೆಕ್ಸಾ ದಕ್ಷಿಣೆ ಕೇಳಲ್ಲ ಅನ್ನುವುದಕ್ಕೆ 299 ನಿಲ್ಲುವುದಿಲ್ಲ ಅಂತ ನನ್ನ ಲೆಕ್ಕ. ಅದು ಧರ್ಮದ ಮೇಲಿನ ಮಾತೇ ಅಲ್ಲ, ಒಂದು ವೃತ್ತಿಯ ಮೇಲಿನ ಮಾತು.

ಇನ್ನೊಂದು ವಿಷಯ ಗೊತ್ತಿರಲಿ. 2025ರ ಮಾರ್ಚ್ 28ಕ್ಕೆ ಇಮ್ರಾನ್ ಪ್ರತಾಪಗಢಿ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಒಂದು ಕವಿತೆಯ ಮೇಲಿನ ಎಫ್‌ಐಆರ್ ರದ್ದು ಮಾಡಿತು. ಮಾತನ್ನು ಗಟ್ಟಿ ಮನಸ್ಸಿನ, ವಿವೇಕ ಇರುವ ಮನುಷ್ಯನ ಕಿವಿಯಿಂದ ಕೇಳಿ ಅಳೆಯಬೇಕು, ಪ್ರತಿಯೊಂದರಲ್ಲೂ ಅಪಾಯ ಕಾಣುವವರ ಕಿವಿಯಿಂದಲ್ಲ ಅಂತ ಹೇಳಿತು. ಮೂರರಿಂದ ಏಳು ವರ್ಷದೊಳಗಿನ ಶಿಕ್ಷೆಯ ಮಾತಿನ ಕೇಸು ಬಂದರೆ, ಪೊಲೀಸರು ಮೊದಲು 14 ದಿನದ ಪ್ರಾಥಮಿಕ ವಿಚಾರಣೆ ಮಾಡುವುದು ಒಳ್ಳೆಯದು ಅಂತಲೂ ಹೇಳಿತು.

ಇಷ್ಟೆಲ್ಲ ಇದ್ದೂ ನಿಮಗೆ ನಾನು ಏನೂ ಮಾಡಿಕೊಡಲಾರೆ. ಯಾಕೆಂದರೆ ನಿಮ್ಮ ಮೇಲೆ ಕೇಸೇ ಇಲ್ಲ. ಆದೇಶ ಇದ್ದರೆ ಹೈಕೋರ್ಟಿನಲ್ಲಿ ಪ್ರಶ್ನೆ ಮಾಡಬಹುದು. "ಗಾಜು ಚೆನ್ನಾಗಿದೆ" ಅನ್ನುವುದನ್ನು ರಿಟ್ ಅರ್ಜಿಯಲ್ಲಿ ಹೇಗೆ ಬರೆಯಲಿ?

ನಿವೃತ್ತ ಖಾಕಿ

ವಕೀಲ ಸಾರ್ ಹೇಳಿದ್ದು ಪುಸ್ತಕದಲ್ಲಿ ಸರಿ. ಠಾಣೆಯಲ್ಲಿ ಕೂತು ನೋಡಿ.

1986ರಲ್ಲಿ ನಾನು ಹೊಸ ಕಾನ್‌ಸ್ಟೇಬಲ್. ಡಿಸೆಂಬರ್‌ನಲ್ಲಿ ಡೆಕ್ಕನ್ ಹೆರಾಲ್ಡ್‌ನ ಭಾನುವಾರದ ಪುರವಣಿಯಲ್ಲಿ ಒಂದು ಸಣ್ಣ ಕಥೆ ಬಂತು. ಶೀರ್ಷಿಕೆಯಲ್ಲಿ ಪ್ರವಾದಿಯವರ ಹೆಸರಿತ್ತು. ಕಥೆಗೂ ಪ್ರವಾದಿಗೂ ಸಂಬಂಧ ಇರಲಿಲ್ಲವಂತೆ. ಯಾರು ಓದಿದರು, ಯಾರು ಬಿಟ್ಟರು. ಬೆಂಗಳೂರಿನಲ್ಲಿ ಹೊತ್ತಿಕೊಂಡಿತು, ಮೈಸೂರಿಗೂ ಹೋಯಿತು. ಹತ್ತಕ್ಕೂ ಹೆಚ್ಚು ಜನ ಸತ್ತರು. ಮೂರು ದಿನ ನಾನು ಬೂಟು ಬಿಚ್ಚಲಿಲ್ಲ. ನಾಲ್ಕನೇ ದಿನ ಬಿಚ್ಚಿದಾಗ ಕಾಲ್ಚೀಲ ಚರ್ಮದ ಜೊತೆ ಬಂತು.

2020ರ ಆಗಸ್ಟ್ 11 ನಿಮಗೆಲ್ಲ ನೆನಪಿರಬೇಕು. ಡಿ.ಜೆ. ಹಳ್ಳಿ, ಕೆ.ಜಿ. ಹಳ್ಳಿ. ಒಂದು ಫೇಸ್‌ಬುಕ್ ಪೋಸ್ಟ್. ಶಾಸಕರ ಮನೆಗೆ ಬೆಂಕಿ, ಠಾಣೆಗೆ ಬೆಂಕಿ, ಗೋಲಿಬಾರ್, ಸಾವು.

ಇದನ್ನೆಲ್ಲ ಕಂಡ ಇನ್‌ಸ್ಪೆಕ್ಟರ್ ಒಬ್ಬರಿಗೆ ಶನಿವಾರ ಮಧ್ಯಾಹ್ನ ಒಂದು ಅರ್ಜಿ ಬರುತ್ತದೆ. ಸಂಜೆ ಹಾಸ್ಯ ಇದೆ, ನಮಗೆ ಬೇಸರ ಇದೆ, ನಾವು 200 ಜನ ಬರುತ್ತೇವೆ ಅಂತ. ಅದೇ ಸಂಜೆ ಒಂದು ರಥೋತ್ಸವ, ಒಬ್ಬ ಮಂತ್ರಿ, ಚಿನ್ನಸ್ವಾಮಿಯಲ್ಲಿ ಒಂದು ಮ್ಯಾಚು. ಠಾಣೆಯಲ್ಲಿ ಉಳಿದಿರುವುದು ಎಂಟು ಜನ. ಹಾಲಿನವರಿಗೆ ಒಂದು ಮಾತು ಹೇಳಿದರೆ ಕೆಲಸ ಮುಗಿಯುತ್ತದೆ. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?

ಕರಿಕೋಟು

ಸಾರ್, ನಿಮ್ಮ ಕಾಲ್ಚೀಲದ ಮಾತಿಗೆ ಕೈಮುಗಿದೆ. ಆದರೆ ಈ ಪ್ರಶ್ನೆಗೆ 1989ರಲ್ಲೇ ಉತ್ತರ ಸಿಕ್ಕಿದೆ. ರಂಗರಾಜನ್ ಕೇಸು. ಮೀಸಲಾತಿ ಬಗ್ಗೆ ಒಂದು ತಮಿಳು ಸಿನಿಮಾ, ಬಿಡುಗಡೆಯಾದರೆ ಗಲಾಟೆ ಆಗುತ್ತೆ ಅಂತ ಸರ್ಕಾರ ಹೇಳಿತು. ಗಲಾಟೆಯ ಬೆದರಿಕೆಗೆ ಹೆದರಿ ಮಾತು ನಿಲ್ಲಿಸುವುದು ಕಾನೂನನ್ನೇ ಗಲಾಟೆ ಮಾಡುವವರ ಕೈಗೆ ಕೊಟ್ಟ ಹಾಗೆ ಅಂತ ಕೋರ್ಟ್ ಹೇಳಿತು. ಮಾತಿಗೂ ಅಪಾಯಕ್ಕೂ ನಂಟು ಮದ್ದಿನ ಪೀಪಾಯಿಗೆ ಬಿದ್ದ ಕಿಡಿಯಷ್ಟು ಹತ್ತಿರ ಇರಬೇಕು ಅಂತ.

ನಮ್ಮ ಊರಲ್ಲಿ ಏನಾಗಿದೆ ನೋಡಿ. ಹಾಸ್ಯಗಾರ ಮುನವ್ವರ್ ಫಾರೂಕಿಯನ್ನು 2021ರ ಜನವರಿ 1ಕ್ಕೆ ಇಂದೋರಿನಲ್ಲಿ ಹಿಡಿದರು. ಹೈಕೋರ್ಟ್ ಜಾಮೀನು ಕೊಡಲಿಲ್ಲ. ಫೆಬ್ರವರಿ 5ಕ್ಕೆ ಸುಪ್ರೀಂ ಕೋರ್ಟ್ ಮಧ್ಯಂತರ ಜಾಮೀನು ಕೊಟ್ಟಿತು. ಅದೇ ನವೆಂಬರ್ 28ಕ್ಕೆ ನಮ್ಮ ಗುಡ್ ಶೆಫರ್ಡ್ ಸಭಾಂಗಣದಲ್ಲಿ ಅವರ ಶೋ ಇತ್ತು. ಅಶೋಕನಗರ ಠಾಣೆಯಿಂದ ಸಂಘಟಕರಿಗೆ ಪತ್ರ ಹೋಯಿತು, ಈತ ವಿವಾದಾತ್ಮಕ ವ್ಯಕ್ತಿ, ಕಾರ್ಯಕ್ರಮ ರದ್ದು ಮಾಡಿ ಅಂತ. 600ಕ್ಕೂ ಹೆಚ್ಚು ಟಿಕೆಟ್ ಹೋಗಿತ್ತು, ಬರುವ ದುಡ್ಡಿನಲ್ಲಿ ಪುನೀತ್ ರಾಜ್‌ಕುಮಾರ್ ಅವರ ಸಂಸ್ಥೆಗೆ ಕೊಡಬೇಕಿತ್ತು ಅಂತ ಅವರು ಆಮೇಲೆ ಬರೆದುಕೊಂಡರು. 2022ರ ನವೆಂಬರ್ 10ಕ್ಕೆ ಇನ್ನೊಬ್ಬ ಹಾಸ್ಯಗಾರ ವೀರ್ ದಾಸ್, ಚೌಡಯ್ಯ ಹಾಲ್. ವೈಯಾಲಿಕಾವಲ್ ಠಾಣೆಗೆ ಒಂದು ಸಂಘಟನೆಯ ದೂರು ಹೋಯಿತು. ಶೋ ನಡೆಯಲಿಲ್ಲ.

ಎರಡರಲ್ಲೂ ಗಮನಿಸಿ. ಬೆದರಿಸಿದವರು ಮನೆಯಲ್ಲಿ, ಟಿಕೆಟ್ ಕೊಂಡವರೂ ಮನೆಯಲ್ಲಿ. ಬರುತ್ತೇವೆ ಅಂದ 200 ಜನರಲ್ಲಿ ಇಬ್ಬರನ್ನಾದರೂ ಕರೆದು ಮುಚ್ಚಳಿಕೆ ಬರೆಸಿಕೊಳ್ಳಬಹುದಿತ್ತಲ್ಲ?

ನಿವೃತ್ತ ಖಾಕಿ

ಬರೆಸಿಕೊಳ್ಳಬಹುದಿತ್ತು. ಮುಚ್ಚಳಿಕೆ ಬರೆಸಿಕೊಂಡ ಮರುವಾರ ವರ್ಗಾವಣೆ ಆದೇಶವೂ ಬರಬಹುದಿತ್ತು. ಅಷ್ಟೇ ಹೇಳುತ್ತೇನೆ.

ಬಿಎಂಟಿಸಿ 210

ಖಾಕಿ ಅಂಕಲ್‌ಗೆ ಒಂದು ಮೈಕ್ ಕೊಡಿ ಯಾರಾದ್ರೂ.

ಕಲಾಕ್ಷೇತ್ರದ ಕೊನೇ ಸಾಲು

ನಿಮ್ಮ ಸ್ಟ್ಯಾಂಡ್‌ಅಪ್ ಅನ್ನುವುದು ನಮಗೇನು ಹೊಸದಲ್ಲ. ಮಾಸ್ಟರ್ ಹಿರಣ್ಣಯ್ಯ "ಲಂಚಾವತಾರ" ಆಡುವಾಗ ನಾನು ಸಣ್ಣ ಹುಡುಗ, ಅಪ್ಪನ ತೊಡೆ ಮೇಲೆ. ಮಾತು ನಾಟಕದ್ದೋ, ಅವತ್ತಿನ ಪೇಪರಿನದ್ದೋ ಗೊತ್ತಾಗುತ್ತಿರಲಿಲ್ಲ. ಬೆಳಗ್ಗೆ ಮಂತ್ರಿ ಏನೋ ಹೇಳಿದ್ದರೆ ಸಂಜೆ ಅದು ನಾಟಕದಲ್ಲಿ ಇರುತ್ತಿತ್ತು. ಅಧಿಕಾರಿಗಳು ಮುಂದಿನ ಸಾಲಿನಲ್ಲೇ ಕೂತು, ಬೆವರು ಒರೆಸಿಕೊಂಡು ನಗುತ್ತಿದ್ದರು. ನಗದಿದ್ದರೆ ತಮ್ಮ ಬಗ್ಗೆಯೇ ಹೇಳಿದ್ದು ಅಂತ ಪಕ್ಕದವರಿಗೆ ಗೊತ್ತಾಗುತ್ತಲ್ಲ! 2019ರಲ್ಲಿ ಹಿರಣ್ಣಯ್ಯನವರು ಹೋದರು. ಆ ಧೈರ್ಯ ಈಗ ಯಾರಿಗೂ ಇಲ್ಲ.

ಅದಕ್ಕೂ ಹಿಂದೆ 1942ರಲ್ಲಿ ಡಾಕ್ಟರ್ ರಾಶಿಯವರು ಕೊರವಂಜಿ ಶುರು ಮಾಡಿದರು. ಆರ್.ಕೆ. ಲಕ್ಷ್ಮಣ್ ಅದರಲ್ಲಿ ಚಿತ್ರ ಬರೆಯುತ್ತಿದ್ದರು. ಯುದ್ಧ, ರೇಷನ್ನು, ಅಭಾವ ಎಲ್ಲದರ ನಡುವೆ ಒಂದು ಹಾಸ್ಯ ಪತ್ರಿಕೆ. ಆಗಿನವರಿಗೆ ಚರ್ಮ ದಪ್ಪ ಇತ್ತೋ, ಹಾಸ್ಯಕ್ಕೆ ಮರ್ಯಾದೆ ಇತ್ತೋ.

ಮಲ್ಲೇಶ್ವರದ ಮೇಡಂ

ಆಗಿನವರ ಚರ್ಮ ದಪ್ಪ ಇತ್ತು ಅಂತ ಹೇಳುವವರು ಯಾರ ಚರ್ಮ ಅಂತಲೂ ಹೇಳಬೇಕು. ಎಷ್ಟು ನವೆಂಬರ್ ಬಂದು ಹೋದವು, ರಾಜ್ಯೋತ್ಸವದ ಹಾಸ್ಯಸಂಜೆಗಳಲ್ಲಿ ಕೂತು ನಾನು ಕೇಳಿದ್ದು ಒಂದೇ ಜೋಕು. ಹೆಂಡತಿ ತವರಿಗೆ ಹೋದಳು, ಗಂಡನಿಗೆ ಸ್ವರ್ಗ. ಹೆಂಡತಿ ದಪ್ಪ, ಹೆಂಡತಿ ಬಜಾರಿ, ಹೆಂಡತಿಯ ಸಾರು. ಪಕ್ಕದಲ್ಲಿ ಕೂತ ಗಂಡ ಮೊಣಕೈಯಲ್ಲಿ ತಿವಿದು ನಗುತ್ತಾನೆ. ಬೇಸರ ಆಯಿತು ಅಂದರೆ "ತಮಾಷೆ ಮೇಡಂ, ತಗೊಳ್ಳೋಕೆ ಬರಬೇಕು." ನಮಗೆ ನೋವಾಯಿತು ಅಂತ ಒಂದೇ ಒಂದು ಹಾಸ್ಯಸಂಜೆ ನಿಂತದ್ದು ನನಗೆ ನೆನಪಿಲ್ಲ. ಯಾಕೆ? ನಾವು ಯಾರ ಗಾಜನ್ನೂ ಹೊಗಳುವುದಿಲ್ಲ.

ನಾನು ವಿಶೇಷ ಮಕ್ಕಳ ಶಾಲೆಯಲ್ಲಿ ಪಾಠ ಮಾಡುತ್ತೇನೆ. ಹೋದ ವರ್ಷ ಅಂದರೆ 2025ರಲ್ಲಿ ಎಸ್‌ಎಂಎ ಅನ್ನುವ, ಸ್ನಾಯು ಸೊರಗುವ ಕಾಯಿಲೆಯ ಮಕ್ಕಳ ಪರವಾಗಿ ಕೆಲಸ ಮಾಡುವ ಸಂಸ್ಥೆಯೊಂದು ಸುಪ್ರೀಂ ಕೋರ್ಟಿಗೆ ಹೋಯಿತು. ಹಾಸ್ಯಗಾರ ಸಮಯ್ ರೈನಾ ಮತ್ತು ಇನ್ನು ಕೆಲವರು ಅಂಗವೈಕಲ್ಯದ ಬಗ್ಗೆ ಆಡಿದ ಮಾತಿನ ಮೇಲೆ. ಆ ಕಾಯಿಲೆಯ ಮಗುವಿಗೆ ಬೇಕಾದ 16 ಕೋಟಿ ರೂಪಾಯಿಯ ಇಂಜೆಕ್ಷನ್ ಒಬ್ಬರಿಗೆ ತಮಾಷೆಯ ವಸ್ತುವಾಗಿತ್ತು. ಆಗಸ್ಟ್‌ನಲ್ಲಿ ಕೋರ್ಟ್ ಅವರಿಗೆಲ್ಲ ತಮ್ಮ ಚಾನೆಲ್‌ನಲ್ಲೇ ಕ್ಷಮೆ ಕೇಳಿ ಅಂತ ಹೇಳಿತು. ನನಗೆ ಎರಡು ಮನಸ್ಸು. ಕ್ಷಮೆ ಬರೆಸಿದರೆ ನಾಳೆ ಬೇರೆಯವರೂ ಬರೆಸುತ್ತಾರೆ, ಅದು ಗೊತ್ತು. ಆದರೆ ಆ ಸಂಸ್ಥೆಯವರು ಯಾರ ಹಾಲಿಗೂ ನುಗ್ಗಲಿಲ್ಲ, ಅರ್ಜಿ ಬರೆದು ಸಾಲಿನಲ್ಲಿ ನಿಂತರು. ಇವರನ್ನೂ ಗಾಜಿನವರನ್ನೂ ಒಂದೇ ತಕ್ಕಡಿಯಲ್ಲಿ ಇಟ್ಟು "ಎಲ್ಲರೂ ಸೂಕ್ಷ್ಮ ಆಗಿಬಿಟ್ಟಿದ್ದಾರೆ" ಅನ್ನುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಕುಂದಾಪ್ರದವ

ನಮ್ಮ ಕಡೆ ತಾಳಮದ್ದಳೆಯಲ್ಲಿ, ಅಂದರೆ ವೇಷ ಕುಣಿತ ಇಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನದಲ್ಲಿ, ಶಿಶುಪಾಲನ ಪಾತ್ರ ಒಳ್ಳೆಯ ಅರ್ಥಧಾರಿಗೆ ಸಿಕ್ಕಿದರೆ ಮುಕ್ಕಾಲು ಗಂಟೆ ಕೃಷ್ಣನನ್ನು ಬೈಯುತ್ತಾನೆ. ಗೊಲ್ಲ, ಬೆಣ್ಣೆ ಕಳ್ಳ, ಹೆಣ್ಣು ಕದ್ದವ, ಜರಾಸಂಧನಿಗೆ ಹೆದರಿ ಸಮುದ್ರಕ್ಕೆ ಓಡಿದವ. ಒಂದೊಂದಕ್ಕೂ ಪುರಾಣದ ಆಧಾರ ಕೊಟ್ಟೇ ಬೈಯುತ್ತಾನೆ. ದೇವಸ್ಥಾನದ ಅಂಗಳದಲ್ಲೇ. ಕೇಳುವವರು ಹೂವು ಮುಡಿದ ಅಜ್ಜಿಯರು. "ಇವತ್ತಿನ ಶಿಶುಪಾಲ ಲಾಯ್ಕಿತ್ತ್" ಎಂದು ಹೇಳಿ ಪ್ರಸಾದ ತಗೊಂಡು ಮನೆಗೆ ಹೋಗುತ್ತಾರೆ. 22 ಸೆಕೆಂಡು ಕತ್ತರಿಸಿ ವಾಟ್ಸಾಪಿಗೆ ಹಾಕಿದರೆ ಆ ಅರ್ಥಧಾರಿಯ ಗತಿ ಏನು ಹೇಳಿ.

ಬಾಳೆಎಲೆ

ಇಷ್ಟು ಹೊತ್ತು ಓದುತ್ತಿದ್ದೆ. ನಾನೂ ಬರೆಯುತ್ತೇನೆ.

ಕುಂದಾಪುರದವರೇ, ಶಿಶುಪಾಲನ ಕೊನೆಗೆ ಏನಾಗುತ್ತದೆ ಅಂತ ಆ ಅಜ್ಜಿಯರಿಗೆ ಗೊತ್ತು. ಅದಕ್ಕೇ ನಗುತ್ತಾರೆ. ದಾಸರು ನಿಂದಾಸ್ತುತಿ ಹಾಡಿದ್ದಾರೆ ಅಂತ ಮುಂದೆ ಯಾರೋ ಹೇಳುತ್ತೀರಿ, ಅದೂ ಗೊತ್ತು. ಮನೆಯವನು ಬೈದರೆ ಒಂದು, ದಾರಿಹೋಕ ಬೈದರೆ ಇನ್ನೊಂದು.

ನಮ್ಮಪ್ಪ ಪುರೋಹಿತರು. 67 ವರ್ಷ. ಮದುವೆ ಇರುವ ದಿನ ಬೆಳಗಿನ ಮೂರಕ್ಕೆ ಏಳುತ್ತಾರೆ. ಮಂಡಿ ನೋವು, ಆದರೂ ಹೋಮದ ಮುಂದೆ ನಾಲ್ಕು ಗಂಟೆ ಚಕ್ಕಂಬಕ್ಕಳ. ಮೂರು ಬಸ್ ಬದಲಾಯಿಸಿ ಹೋಗುತ್ತಾರೆ. ಫೋಟೋದವನಿಗೆ 80,000, ಹೂವಿನವನಿಗೆ ಒಂದೂವರೆ ಲಕ್ಷ ಚೌಕಾಸಿ ಇಲ್ಲದೆ ಕೊಟ್ಟವರು ಅಪ್ಪನ ಹತ್ತಿರ ಬಂದು "ಶಾಸ್ತ್ರಿಗಳೇ, ಸ್ವಲ್ಪ ನೋಡಿ ತಗೊಳ್ಳಿ" ಎನ್ನುತ್ತಾರೆ. ಅಪ್ಪ ಕವರ್ ಬಿಚ್ಚಿ ಎಣಿಸುವುದಿಲ್ಲ. ಬಸ್‌ನಲ್ಲಿ ಕೂತ ಮೇಲೆ ಎಣಿಸುತ್ತಾರೆ. ನಾನು ಚಿಕ್ಕವನಿದ್ದಾಗ ಜೊತೆಗೆ ಹೋಗುತ್ತಿದ್ದೆ, ಎಣಿಸುವಾಗ ಅವರ ಮುಖ ನೋಡಿದ್ದೇನೆ.

ನಿಮ್ಮ ವಿಡಿಯೋ ನಮ್ಮ ಗುಂಪಿಗೂ ಬಂತು. ನನಗೆ ದೇವರಿಗೆ ಅವಮಾನ ಆಯಿತು ಅಂತ ಅನ್ನಿಸಲಿಲ್ಲ. ದೇವರು ನೋಡಿಕೊಳ್ಳುತ್ತಾನೆ. "ದಕ್ಷಿಣೆಗೆ ಕೈ ಒಡ್ಡಲ್ಲ" ಅಂದಾಗ 60 ಜನ ನಕ್ಕರಲ್ಲ, ಆ ಸದ್ದು ಕೇಳಿ ಹೊಟ್ಟೆ ಉರಿಯಿತು. ಫಾರ್ವರ್ಡ್ ಮಾಡಿದವರಲ್ಲಿ ನಾನೂ ಒಬ್ಬ. ಹೇಳಿಬಿಡುತ್ತೇನೆ. ಫೋನ್ ಮಾಡಿದವನು ನಾನಲ್ಲ, ಮಾಡಿದವರು ಯಾರು ಅಂತಲೂ ಗೊತ್ತಿಲ್ಲ.

ಹಳದಿಕೆಂಪು

ಎಲ್ಲಾ ಸರಿ. ಆದರೆ ಬೆಂಗಳೂರಿಗೆ ಬಂದು, ಇಲ್ಲೇ ಅನ್ನ ತಿಂದು, ಆಟೋದವರ ಕನ್ನಡ ಆಡಿಕೊಂಡು ದುಡ್ಡು ಮಾಡುವ ಇಂಗ್ಲಿಷ್ ಹಿಂದಿ ಕಾಮಿಡಿಯನ್ನರಿಗೆ ಒಂದೆರಡು ಶೋ ರದ್ದಾದರೆ ಬುದ್ಧಿ ಬರುತ್ತದೆ. ಭಾಷೆ ವಿಷಯದಲ್ಲಿ ರಾಜಿ ಇಲ್ಲ. ನಮ್ಮ ಹುಡುಗರ ಕನ್ನಡ ಕಾಮಿಡಿಗೆ ಮಾತ್ರ ನನ್ನ ಬೆಂಬಲ.

ಕರಿಕೋಟು

ಬಂತಲ್ಲ! ಇದಕ್ಕೇ ಕಾಯುತ್ತಿದ್ದೆ.

2025ರ ಮೇ ತಿಂಗಳು. ಕಮಲ್ ಹಾಸನ್ ಕನ್ನಡ ತಮಿಳಿನಿಂದ ಹುಟ್ಟಿತು ಅಂದರು. ಭಾಷಾಶಾಸ್ತ್ರದಲ್ಲಿ ತಪ್ಪು ಮಾತು, ಎರಡೂ ಒಂದೇ ಮೂಲದಿಂದ ಬಂದ ಅಕ್ಕತಂಗಿಯರು. ಅಷ್ಟು ಹೇಳಿ ನಕ್ಕು ಬಿಡಬಹುದಿತ್ತು. ನಾವು ಏನು ಮಾಡಿದೆವು? ಕ್ಷಮೆ ಕೇಳದೆ ಅವರ ಸಿನಿಮಾ ಬಿಡುವುದಿಲ್ಲ ಅಂತ ಚಲನಚಿತ್ರ ವಾಣಿಜ್ಯ ಮಂಡಳಿ ಹೇಳಿತು. ಹೈಕೋರ್ಟೂ ಕ್ಷಮೆಯ ಮಾತೇ ಆಡಿತು. ಜೂನ್ 5ಕ್ಕೆ ಬೇರೆಲ್ಲ ಕಡೆ ಬಂದ ಚಿತ್ರ ಇಲ್ಲಿ ಬರಲಿಲ್ಲ. ಕೊನೆಗೆ ಸುಪ್ರೀಂ ಕೋರ್ಟ್ ನಮ್ಮ ಸರ್ಕಾರಕ್ಕೆ ಬುದ್ಧಿ ಹೇಳಿತು. ಭಾವನೆಗೆ ಧಕ್ಕೆ ಅಂತ ಸಿನಿಮಾ ನಿಲ್ಲಿಸಬೇಕಾ, ಹಾಸ್ಯಗಾರರನ್ನು ನಿಲ್ಲಿಸಬೇಕಾ, ಕವಿತೆ ಓದುವುದನ್ನು ನಿಲ್ಲಿಸಬೇಕಾ ಅಂತ ಕೇಳಿದ್ದು ಅದೇ ವಿಚಾರಣೆಯಲ್ಲಿ. ಆ ಚಿತ್ರಮಂದಿರಗಳಿಗೂ ಗಾಜು ಇತ್ತು, ಅಲ್ವಾ?

ಹಳದಿಕೆಂಪು

ಅದು ಬೇರೆ. ಅದು ನಾಡಿನ ಸ್ವಾಭಿಮಾನ.

ಮಲ್ಲೇಶ್ವರದ ಮೇಡಂ

ಎಲ್ಲರದ್ದೂ ಬೇರೆಯೇ ಇರುತ್ತೆ ಬಿಡಿ.

ಶನಿವಾರದ ಮೈಕ್

ಆಫೀಸಿನಿಂದ ಈಗ ಬಂದೆ. ಎಲ್ಲಾ ಓದಿದೆ.

ಕರಿಕೋಟು ಸಾರ್, ಒಂದು ಒಪ್ಪಿಕೊಳ್ಳುತ್ತೇನೆ. ಆ ಜೂನ್‌ನಲ್ಲಿ "ಬಿಡುಗಡೆ ಆಗಬಾರದು" ಎಂಬ ಪೋಸ್ಟನ್ನು ನಾನೂ ಹಂಚಿಕೊಂಡಿದ್ದೆ. ಈಗ ಹೋಗಿ ಹುಡುಕಿದೆ, ಇನ್ನೂ ಇದೆ. ಕೆಳಗೆ 40 ಲೈಕು. ಚಿತ್ರಮಂದಿರದ ಮ್ಯಾನೇಜರಿಗೆ ಯಾರು ಏನು ಫೋನ್ ಮಾಡಿರಬಹುದು ಅಂತ ಅವತ್ತು ನನ್ನ ತಲೆಗೇ ಬಂದಿರಲಿಲ್ಲ. ಅಳಿಸೋಣ ಅಂದುಕೊಂಡೆ. ಅಳಿಸಲಿಲ್ಲ, ಇರಲಿ. ಮುಂದಿನ ಸೆಟ್ಟಿಗೆ ಬರುತ್ತದೆ.

ಹಾಲ್ ಬಾಡಿಗೆಯವರೇ, ನೀವು ಹೇಳಿದ ಮೇಲೆ ಕೆಫೆ ಮಾಲೀಕರ ಹತ್ತಿರ ಹೋಗಿ ಮಾತಾಡಿಸಿ ಬಂದೆ. ಕಾಫಿಗೆ ದುಡ್ಡು ತಗೊಳ್ಳಲಿಲ್ಲ, ಪಾಪ. ಅವರ ಮೆಟ್ಟಿಲನ್ನೂ ಈ ಸಲ ಕಣ್ಣಲ್ಲೇ ಅಳೆದೆ. ನಿಮ್ಮದಕ್ಕಿಂತ ಕಿರಿದು.

ಬಾಳೆಎಲೆಯವರೇ, ನಿಮಗೆ ಏನು ಹೇಳಲಿ. ಫೋನ್ ಮಾಡಿದವನಿಗೋಸ್ಕರ ಒಂದು ಅಕ್ಷರವನ್ನೂ ತೆಗೆಯುವುದಿಲ್ಲ ಅಂತ ನಿರ್ಧಾರ ಮಾಡಿಯೇ ಈ ಪೋಸ್ಟ್ ಹಾಕಿದ್ದೆ. ನೀವು ಬಸ್‌ನಲ್ಲಿ ಎಣಿಸುವ ಮಾತು ಬರೆದು ಕೈ ಕಟ್ಟಿಬಿಟ್ಟಿರಿ. ಕಾಮಿಡಿಯನ್ ಆಗಿ ಹೇಳುವುದಾದರೆ ಆ ಸಾಲು ಹಳಸಲು. ದಕ್ಷಿಣೆ ಜೋಕು ನಮ್ಮ ತಾತನ ಕಾಲದ್ದು. ಅಜ್ಜಿ ಕೊಟ್ಟ ಏಕಾದಶಿ ಎಲ್ಲಿ, ನಾನು ಸೇರಿಸಿದ ಇದು ಎಲ್ಲಿ. ನಗು ಬರುತ್ತೆ ಅಂತ ಗೊತ್ತಿತ್ತು, ಹಾಕಿದೆ. ಆದರೂ ಒಂದು ಮಾತು. ನೀವು ಇಲ್ಲಿ ಬರೆದದ್ದನ್ನು ಅವತ್ತೇ ನನಗೆ ಬರೆದಿದ್ದರೆ ನಾವಿಬ್ಬರೂ ಜಗಳ ಆಡಬಹುದಿತ್ತು. ಫಾರ್ವರ್ಡ್ ಮಾಡಿದ್ದರಿಂದ ಕುರ್ಚಿ ಜೋಡಿಸುವ ಹುಡುಗನ ಒಂದು ಸಂಜೆಯ ಸಂಬಳ ಹೋಯಿತು.

ಆ ಸಾಲು ಇಟ್ಟುಕೊಳ್ಳುತ್ತೇನೋ ಬಿಡುತ್ತೇನೋ ಇನ್ನೂ ಗೊತ್ತಿಲ್ಲ. ಬಿಟ್ಟರೆ ಹೆದರಿ ಬಿಟ್ಟ ಅನ್ನುತ್ತಾರೆ. ಇಟ್ಟುಕೊಂಡರೆ ನಿಮ್ಮಪ್ಪನ ಮುಖ ಕಾಣುತ್ತದೆ.

ಹಾಲ್ ಬಾಡಿಗೆ

ಮುಂದಿನ ಶನಿವಾರ ಏಳಕ್ಕೆ ನಮ್ಮಲ್ಲಿ ಮಾಡಿ. ಪೋಸ್ಟರ್ ಹಾಕುವುದಿಲ್ಲ, ಇಲ್ಲಿ ಇರುವವರಿಗೆ ಮಾತ್ರ. ಬರುವವರು ಫೋನ್ ಕೆಳಗೆ ಗಲ್ಲಾದಲ್ಲಿ ಕೊಟ್ಟು ಬನ್ನಿ. ಧೈರ್ಯ ಅಂತ ತಿಳಿಯಬೇಡಿ, ಅವತ್ತು ಮಹಡಿ ಖಾಲಿ ಇದೆ.

ನಿವೃತ್ತ ಖಾಕಿ

ನಾನು ಬಾಗಿಲ ಹತ್ತಿರ ಕೂರುತ್ತೇನೆ. ಅಭ್ಯಾಸ.

ಬಾಳೆಎಲೆ

ರಾತ್ರಿ ಊಟಕ್ಕೆ ಕೂತಾಗ ಅಪ್ಪನಿಗೆ ವಿಡಿಯೋ ತೋರಿಸಿದೆ. ಪೂರ್ತಿ ಜೋಕನ್ನೂ ಹೇಳಿದೆ, ಅಜ್ಜಿ, ಏಕಾದಶಿ ಎಲ್ಲಾ. ಏಕಾದಶಿಗೆ ನಕ್ಕರು. ದಕ್ಷಿಣೆಗೆ ನಗಲಿಲ್ಲ. ಸಾರು ಕಲಸಿಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಆ ಡಬ್ಬಕ್ಕೆ ಸಂಕಲ್ಪ ಮಾಡಿಸೋಕೆ ಹೇಳು. ಗೋತ್ರ ಕೇಳುತ್ತಾ? ನೀನೇ ಹೇಳಿದ್ರೂ, ಭಾರದ್ವಾಜ ಅನ್ನೋ ಹೆಸರಿನ ಮೂರು ಹೋಟೆಲ್ ಹತ್ತಿರದಲ್ಲಿವೆ ಅನ್ನುತ್ತೆ" ಎಂದರು.

ಶನಿವಾರದ ಮೈಕ್

ಅಯ್ಯೋ. ಇದು ನನ್ನದಕ್ಕಿಂತ ನೂರು ಪಾಲು ಮೇಲು. ಆ ಸಾಲನ್ನು ನಾನು ಸ್ಟೇಜಿನಲ್ಲಿ ಹೇಳಬಹುದಾ? ದಕ್ಷಿಣೆ ಸಾಲು ತೆಗೆದು ಅಲ್ಲಿಗೇ ಇದನ್ನು ಹಾಕುತ್ತೇನೆ. ದಯವಿಟ್ಟು ಅಪ್ಪನನ್ನು ಕೇಳಿ ಹೇಳಿ.

ಬಾಳೆಎಲೆ

ಕೇಳಿದೆ. ದಕ್ಷಿಣೆ ಎಷ್ಟು ಅಂದರು.